ಕೊಕ್ಕೆ

ಕಡಲಿಲ್ಲದೆ ಬಂದರು ಎಂತದ್ದು ಮಾರಾಯ,
ಕೇಳುತ್ತಾಳೆ ಅಪ್ಪಿಯಕ್ಕ
ಕೋಯಿಪ್ಪಾಡಿಯ ಹಿತ್ತಿಲಲ್ಲಿ ಕೂತು
ಬೂತಾಯಿಯ ಹುರುಪೆ ಕೆರೆಯುತ್ತ.

ಹ್ಯಾಂಬರ್ಗಿನಲ್ಲಿ ಹೊಳೆ ಉಂಟಕ್ಕ, ಕಡಲಿಲ್ಲ.
ಕಡಲು ನೂರು ಕಿಲೋಮೀಟರು ಆಚೆ.
ಆದರೂ ದಿನಕ್ಕೆರಡು ಸಲ ಹೊಳೆಯ ಮೈಮೇಲೆ ನಡೆದು ಬಂದು
ಕಾಲು ತೊಳೆದು, ಜಗಲಿಯಲ್ಲಿ ಚೂರು ಕೂತು,
ಹೊತ್ತಾಯಿತೆಂದು ಎದ್ದು ಹೋಗುತ್ತದೆ.
ಇಳಿತದಲ್ಲಿ ಕಂಬಗಳ ಬುಡದ ಕೆಸರು ಕಾಣುತ್ತದೆ,
ಕಪ್ಪಗೆ, ನಮ್ಮದೇ ಕೆಸರಿನ ವಾಸನೆ.

ಹಾಗಾದರೆ ಶಿರಿಯದ ಅಳಿವೆಯೇ ಆಯಿತಲ್ಲ.
ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?

ನಾನು ಹೋದದ್ದಲ್ಲ, ಹಡಗು ಕೊಂಡುಹೋದದ್ದು.
ಹದಿನೆಂಟು ವರ್ಷ ಎಂಜಿನ್ ಕೋಣೆಯಲ್ಲಿ ಎಣ್ಣೆಗೈ;
ಎಷ್ಟೋ ಊರುಗಳನ್ನು
ಪಂಪಿನ ಸದ್ದು ತಗ್ಗಿದ್ದರಿಂದ ಮಾತ್ರ ಬಲ್ಲೆ.
ಈ ಸಲ ಒಂದು ಕವಾಟ ಒಡೆದು
ಹೊಸತು ಬರುವ ತನಕ
ಒಂದೇ ಒಂದು ಹಗಲು, ಭಾನುವಾರ, ನನ್ನದಾಯಿತು.

ಓದಲು ಬಾರದ ಬೋರ್ಡುಗಳ ನಡುವೆ ತಿರುಗಿದೆ.
ಹೆದರಿಕೆಯಾಗಲಿಲ್ವಾ?
ಎಂತ ಹೆದರಿಕೆ. ಕುಂಬಳೆಯಲ್ಲಿ ನೀನು
ಬಸ್ಸಿನ ಬಣ್ಣ ನೋಡಿ ಹತ್ತುವುದಿಲ್ವಾ?
ಶಾಲೆಯಲ್ಲಿ ತಿದ್ದಿದ ಅಕ್ಷರ ಒಂದು,
ತಗಡಿನ ಮೇಲಿರುವ ಅಕ್ಷರ ಇನ್ನೊಂದು,
ಹುಟ್ಟೂರಲ್ಲೇ ಅಭ್ಯಾಸ ಮಾಡಿಕೊಂಡು ಹೋದವನು ನಾನು.

ನಸುಕಿಗೇ ಮೀನಿನ ಸಂತೆ.
ಲಾರಿಯ ಮೇಲೆ ನಿಂತ ಒಬ್ಬ ದಡಿಯ
ಹೊಗೆಯಲ್ಲಿ ಒಣಗಿಸಿದ ಮಲಂಜಿಯನ್ನು ಎತ್ತಿ ಹಿಡಿದು
ಜನರನ್ನೆಲ್ಲ ಬೈಯುತ್ತಿದ್ದ.
ಬೈಗುಳವೆಂದು ಭಾಷೆ ಬಾರದೆಯೂ ಗೊತ್ತಾಯಿತು,
ನಿನ್ನ ರಾಗವೇ.
ಎಷ್ಟಕ್ಕೆ ಕೊಟ್ಟ?
ನಮ್ಮ ಲೆಕ್ಕದಲ್ಲಿ ಸಾವಿರದ ಮೇಲೆ ಬೀಳುತ್ತದೆ.
ಅಕ್ಕ ಕತ್ತಿ ಕೆಳಗಿಟ್ಟಳು.
ಮಲಂಜಿಗೆ?
ಮಲಂಜಿಗೆ.
ಸ್ವಲ್ಪ ಹೊತ್ತು ಕಾಗೆಯನ್ನೂ ಓಡಿಸಲಿಲ್ಲ.

ಆಮೇಲೆ ಗೋದಾಮುಗಳು. ಕೆಂಪಿಟ್ಟಿಗೆಯ ಎತ್ತರದ ಮಾಳಿಗೆಗಳು
ಸಾಲಾಗಿ ನೀರಿನಲ್ಲಿ ಕಾಲಿಳಿಬಿಟ್ಟು.
ಒಂದರೊಳಗೆ ದುಡ್ಡು ಕೊಟ್ಟು ಹೋದೆ.
ಗೋಣಿ, ತಕ್ಕಡಿ, ಕಾಫಿ,
ಮೂಲೆಯಲ್ಲಿ ತಟ್ಟನೆ ಒಳ್ಳೆಮೆಣಸಿನ ಘಾಟು.
ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ, ದೀಪ ಹಾಕಿ,
ಮರದ ಹಿಡಿಯ ಒಂದು ಕಬ್ಬಿಣದ ಕೊಕ್ಕೆ.

ದೂಮಜ್ಜನ ಕೊಕ್ಕೆ, ಅಕ್ಕ.
ಮಂಗಳೂರು ಧಕ್ಕೆಯಲ್ಲಿ ಮೂಟೆ ಎಳೆಯುತ್ತಿದ್ದದ್ದು.
ಹಿಡಿ ಸವೆದ ಜಾಗ ಸಹ ಅದೇ.
ಗಾಜಿಗೆ ಅಂಗೈ ಒತ್ತಿ ನಿಂತೆ.
ಕಾವಲಿನ ಹೆಂಗಸು ಬಂದು ಬೆರಳಾಡಿಸಿದಳು.
ನಾನು ಬಲ ಹೆಗಲು ತಗ್ಗಿಸಿ ತೋರಿಸಿದೆ:
ಹೀಗೆ, ಗೋಣಿಯ ಕಿವಿಗೆ ಹೀಗೆ, ಸೊಂಟ ತಿರುಗಿಸಿ ಹೀಗೆ.
ಅವಳು ಪಾಪ, ಮರ್ಯಾದೆಯಿಂದ
ಕಕ್ಕಸಿನ ದಾರಿ ತೋರಿಸಿದಳು.

ನಕ್ಕು ನಕ್ಕು ಅಕ್ಕನ ಕಣ್ಣಲ್ಲಿ ನೀರು,
ಮೀನಿನ ಕೈಯಾದ್ದರಿಂದ ಮೊಣಕೈಯಲ್ಲಿ ಒರೆಸಿಕೊಂಡಳು.

ಆಚೆ ದಡದ್ದು ಈಗಿನ ಬಂದರು.
ಒಂದು ಕ್ರೇನು ಎತ್ತುತ್ತದೆ, ಇನ್ನೊಂದು ಇಳಿಸುತ್ತದೆ,
ಪೆಟ್ಟಿಗೆ ಹೊತ್ತ ಗಾಡಿಗಳು ಡ್ರೈವರಿಲ್ಲದೆ
ತಾವೇ ತಿರುಗಿ, ತಾವೇ ನಿಂತು, ದಾರಿ ಬಿಟ್ಟುಕೊಡುತ್ತವೆ.
ಒಂದು ಗಂಟೆ ನೋಡಿದೆ. ನರಪಿಳ್ಳೆ ಕಾಣಲಿಲ್ಲ.

ಹಾಗಾದರೆ ಮಧ್ಯಾಹ್ನ ಊಟಕ್ಕೆ
ಯಾರು ಬರುತ್ತಾರೆ?

ಧಕ್ಕೆಯ ಗೇಟಿನ ಹೊರಗೆ
ಗಂಜಿ, ಚಟ್ನಿ, ಹುರಿದ ಬಂಗುಡೆ ಮಾರಿ
ನಮ್ಮಿಬ್ಬರನ್ನು ಸಾಕಿದ ಅಮ್ಮನ ಮಗಳು
ಕೇಳಿದ್ದು ಅಷ್ಟೆ.
ನನಗೆ ಉತ್ತರ ಗೊತ್ತಿರಲಿಲ್ಲ.

ಕೂತದ್ದು ಸಾಕು, ಏಳು, ಎಂದಳು.
ಬಾವಿಗೆ ಕೊಡಪಾನ ಬಿದ್ದು ಮೂರು ದಿನ,
ನೀನು ಬರಲಿ ಅಂತ ಕಾದದ್ದು.
ಅಡುಗೆಮನೆಯ ಜಂತಿಯಿಂದ ಕೊಕ್ಕೆ ಇಳಿಸಿ ಕೊಟ್ಟಳು,
ಹಿಡಿಗೆ ನೈಲಾನು ಹಗ್ಗ ಸುತ್ತಿ.
ತಣ್ಣಗಿತ್ತು. ಅಂಗೈ ಅದರ ಸವೆದ ಜಾಗಕ್ಕೆ ತಾನೇ ಹೋಯಿತು.

ಬಾಗಿ ಬಿಡುತ್ತಿದ್ದೇನೆ ಕೆಳಗೆ, ಮಾರು ಮಾರಾಗಿ.
ಭರತದ ಹೊತ್ತು, ಬಾವಿ ಕೂಡ ಚೂರು ಏರಿದೆ.
ಒಂದು ಸಲ ಕಲ್ಲು. ಇನ್ನೊಂದು ಸಲ
ಎಂತದೋ ತಾಗಿ ಜಾರಿತು.

ಸಿಕ್ಕಿತಾ?

ತಾಳು.